ಬಾಲಗ್ರಹವೂ ಗ್ರಹಣಿಯೂ

ಗ್ರಹ ಎಂಬ ಎರಡಕ್ಷರ ನಮ್ಮ ಆಕಾಶದಲ್ಲೂ ಇದೆ, ಹೊಟ್ಟೆಯಲ್ಲೂ ಇದೆ. ಶನಿ ಗ್ರಹ, ಕುಜ ಗ್ರಹ. ಉಂಡ ಅನ್ನವನ್ನು ಪಚನವಾಗುವ ತನಕ ಹಿಡಿದಿಟ್ಟುಕೊಳ್ಳುವ ಕರುಳಿನ ಭಾಗ ಆಯುರ್ವೇದದಲ್ಲಿ ಗ್ರಹಣಿ. ಅದು ಕೆಟ್ಟು, ತಿಂದದ್ದು ತಿಂದಂತೆ ಹೊರಗೆ ಹೋಗತೊಡಗಿದರೆ ಆ ಬೇನೆಯೂ ಗ್ರಹಣಿ. ಎಳೆಮಗು ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆದರೆ ಬಾಲಗ್ರಹ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಕಣ್ಣೆದುರೇ ಬಸ್ಸು ಹೊರಟುಹೋದರೆ "ಎಂತ ಗ್ರಾಚಾರ ಮಾರಾಯ್ರೇ" ಎಂಬ ಉದ್ಗಾರ. ಗ್ರಹಚಾರ ಕರಾವಳಿಯ ನಾಲಗೆಯಲ್ಲಿ ಸವೆದು ಗ್ರಾಚಾರವಾಗಿದೆ. ಘಟ್ಟದ ಮೇಲೂ ಕೆಳಗೂ ಬಳಕೆಯಲ್ಲಿರುವ "ಗರ ಬಡಿದವನಂತೆ ನಿಂತ" ಎಂಬ ಮಾತಿನ ಗರ ಕೂಡ ಇದೇ ಗ್ರಹದ ತದ್ಭವ.

ಇವುಗಳಲ್ಲಿ ಎರಡು ನನಗೆ ಬಹಳ ಮುಖ್ಯ: ಬಾಲಗ್ರಹ ಮತ್ತು ಗ್ರಹಣಿ. ಒಂದು ಮಿದುಳಿನ ಬೇನೆ, ಇನ್ನೊಂದು ಕರುಳಿನದು. ಇಂದಿನ ಆಸ್ಪತ್ರೆಯಲ್ಲಿ ಒಂದಕ್ಕೆ ನರರೋಗ ವಿಭಾಗ, ಇನ್ನೊಂದಕ್ಕೆ ಜಠರ ಮತ್ತು ಕರುಳಿನ ವಿಭಾಗ. ಭಾಷೆ ಮಾತ್ರ ಇವೆರಡನ್ನೂ ಒಂದೇ ಧಾತುವಿನಿಂದ ಹೆತ್ತಿದೆ. ಕಳೆದ ನಾಲ್ಕು ದಶಕಗಳ ಸಂಶೋಧನೆಯನ್ನು ಓದುತ್ತಾ ಹೋದರೆ, ಎಳೆಮಕ್ಕಳ ಮಟ್ಟಿಗೆ ಈ ನೆಂಟಸ್ತಿಕೆ ಬರೀ ಮಾತಿನದಲ್ಲ ಎಂದು ಗೊತ್ತಾಗುತ್ತದೆ.

ಧಾತು ಹಳೆಯದು. ವೇದಗಳಲ್ಲಿ ಅದರ ಹಿಂದಿನ ರೂಪ ಗ್ರಭ್. ಹಿಡಿ, ಕೈಗೆ ತೆಗೆದುಕೊ ಎಂದು ಅರ್ಥ. ಮದುವೆಯಲ್ಲಿ ವರ ವಧುವಿನ ಕೈ ಹಿಡಿಯುವ ಪಾಣಿಗ್ರಹಣದಲ್ಲಿ ಆ ಅರ್ಥ ಇಂದಿಗೂ ಸವೆದಿಲ್ಲ. ಯಜ್ಞದಲ್ಲಿ ಸೋಮರಸವನ್ನು ಮೊಗೆದು ಹಿಡಿಯುವ ಪಾತ್ರೆಗೆ ಗ್ರಹವೆಂದೇ ಹೆಸರಿತ್ತು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಆರ್ತಭಾಗ ಎಂಬವನು ಯಾಜ್ಞವಲ್ಕ್ಯನನ್ನು "ಗ್ರಹಗಳು ಎಷ್ಟು?" ಎಂದು ಕೇಳುತ್ತಾನೆ. ಯಾಜ್ಞವಲ್ಕ್ಯ ಹೇಳುವ ಎಂಟು ಗ್ರಹಗಳಲ್ಲಿ ಶನಿಯೂ ಇಲ್ಲ, ರಾಹುವೂ ಇಲ್ಲ. ಕಣ್ಣು, ಕಿವಿ, ನಾಲಗೆ, ಮನಸ್ಸು, ಕೈ ಮೊದಲಾದವೇ ಅಲ್ಲಿ ಗ್ರಹಗಳು. ಲೋಕವನ್ನು ಹಿಡಿಯುವ ಇಂದ್ರಿಯಗಳು. ಗ್ರಹಿಸು, ಗ್ರಹಿಕೆ ಎಂಬ ನಮ್ಮ ಮಾತುಗಳು ಈ ದಾರಿಯಿಂದ ಬಂದವು.

ಆದರೆ ಹಿಡಿಯುವವನಿದ್ದ ಮೇಲೆ ಹಿಡಿಸಿಕೊಳ್ಳುವವನೂ ಇರಬೇಕು. ಋಗ್ವೇದದ ಕೊನೆಯ ಮಂಡಲದಲ್ಲೂ ಅಥರ್ವವೇದದಲ್ಲೂ ಗ್ರಾಹಿ ಎಂಬವಳು ಬರುತ್ತಾಳೆ. ಮನುಷ್ಯನನ್ನು ಹಿಡಿದು ಕೆಡವುವ ರೋಗದ ಹೆಣ್ಣುರೂಪ. ಅಲ್ಲಿಂದ ಪದಕ್ಕೆ ಹೆದರಿಕೆ ಅಂಟಿತು. ಸೂರ್ಯನನ್ನು ಹಿಡಿದರೆ ಗ್ರಹಣ, ಹಣೆಬರಹವನ್ನು ಹಿಡಿದರೆ ಗ್ರಹಚಾರ, ತೊಟ್ಟಿಲಿನ ಕೂಸನ್ನು ಹಿಡಿದರೆ ಬಾಲಗ್ರಹ. ಕನ್ನಡದ ಹಿಡಿ ಎಂಬ ದೇಸಿ ಮಾತೂ ಇದೇ ದಾರಿ ಹಿಡಿದಿದೆ: ಜ್ವರ ಹಿಡಿಯಿತು, ಹುಚ್ಚು ಹಿಡಿಯಿತು, ಭೂತ ಹಿಡಿಯಿತು. ಗ್ರೀಕರೂ ಹೀಗೆಯೇ ಯೋಚಿಸಿದ್ದರು. ಎಪಿಲೆಪ್ಸಿ ಎಂಬ ಹೆಸರು ಹುಟ್ಟಿದ್ದು ಮೇಲೆರಗಿ ಹಿಡಿ ಎಂಬ ಅವರ ಕ್ರಿಯಾಪದದಿಂದ. ಮೈ ತನ್ನ ಮಾತು ಕೇಳದೆ ಅದುರುವಾಗ, ನೋಡುತ್ತಾ ನಿಂತವರಿಗೆ ಬೇರೆ ಯಾರೋ ಹಿಡಿದು ಅಲ್ಲಾಡಿಸುತ್ತಿದ್ದಾರೆ ಎಂದೇ ಕಂಡಿರಬೇಕು.

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮಕ್ಕಳನ್ನು ಹಿಡಿಯುವ ಗ್ರಹಗಳ ಪಟ್ಟಿಯಿದೆ: ಸ್ಕಂದ, ಸ್ಕಂದಾಪಸ್ಮಾರ, ಶಕುನಿ, ರೇವತಿ, ಪೂತನಾ, ಅಂಧಪೂತನಾ, ಶೀತಪೂತನಾ, ಮುಖಮಂಡಿಕಾ, ನೈಗಮೇಷ. ಎಣಿಸಿದರೆ ಒಂಬತ್ತು. ಆಕಾಶದ ನವಗ್ರಹಗಳೂ ಒಂಬತ್ತೇ ಆದ್ದರಿಂದ ಜನರ ಮನಸ್ಸಿನಲ್ಲಿ ಇವೆರಡೂ ಕಲಸಿಹೋಗಿರಬೇಕು. ಮಗುವಿಗೆ ಸೆಳವು ಬಂದಾಗ ಜಾತಕ ಬಿಚ್ಚಿ ಶನಿಯ ಸ್ಥಾನ ನೋಡುವವರು, ಸುಶ್ರುತ ಹೇಳಿದ್ದು ಬೇರೆಯೇ ಒಂಬತ್ತು ಎಂಬುದನ್ನು ಗಮನಿಸುವುದಿಲ್ಲ. ಸುಶ್ರುತನ ಕಡೆಗೆ ತಿರುಗಿದರೆ ಅಲ್ಲಿ ಸಿಗುವುದು ಮಗುವಿನ ಮೈಯ ಪರೀಕ್ಷೆ. ಸ್ಕಂದಾಪಸ್ಮಾರ ಹಿಡಿದ ಮಗುವಿಗೆ ಎಚ್ಚರ ತಪ್ಪುತ್ತದೆ, ಮತ್ತೆ ಬರುತ್ತದೆ, ಕೈಕಾಲು ಕುಣಿದಂತೆ ಆಡುತ್ತವೆ, ಬಾಯಲ್ಲಿ ನೊರೆ, ಮಲಮೂತ್ರ ತಾನಾಗಿ ಹೋಗುತ್ತದೆ. ಪೂತನಾ ಹಿಡಿದರೆ ಮಲ ಒಡೆದು ಹೋಗುತ್ತದೆ, ವಾಂತಿ, ಬಾಯಾರಿಕೆ, ಹಗಲು ನಿದ್ದೆ, ರಾತ್ರಿ ಎಚ್ಚರ. ರೇವತಿಯದಾದರೆ ಮಲ ಹಸಿರು. ಅಂಧಪೂತನಾ ಹಿಡಿದರೆ ಮೊಲೆಹಾಲು ಬೇಡ, ಭೇದಿ, ಬಿಕ್ಕಳಿಕೆ, ಜ್ವರ. ಶೀತಪೂತನಾ ಹಿಡಿದರೆ ನಡುಕ, ಕರುಳಿನಲ್ಲಿ ಗುಡುಗುಡು ಸದ್ದು, ಮತ್ತೆ ಭೇದಿ.

ಈ ಹೆಣ್ಣುಗ್ರಹಗಳಲ್ಲಿ ಹಲವು ಹೊಟ್ಟೆಯವೇ ಎಂಬುದನ್ನು ನೋಡಿ. ಯಕ್ಷಗಾನದ ರಂಗದಲ್ಲಿ ಕೃಷ್ಣನಿಗೆ ವಿಷದ ಹಾಲೂಡಲು ಬರುವ ಪೂತನಿಯನ್ನು ನಮ್ಮ ಮಕ್ಕಳು ಬಲ್ಲರು. ವೈದ್ಯಗ್ರಂಥದ ಪೂತನೆ ನೀರುಭೇದಿಯಿಂದ ಬಾಡಿದ ಕೂಸಿನ ತೊಟ್ಟಿಲ ಬಳಿ ನಿಂತವಳು. ಸೆಳವು ಮತ್ತು ಭೇದಿ ಒಂದೇ ಅಧ್ಯಾಯದಲ್ಲಿ, ಒಂದೇ ಕುಟುಂಬದ ಒಡಹುಟ್ಟುಗಳಂತೆ ಕೂತಿವೆ. ಇದನ್ನು ಬರೀ ಮೂಢನಂಬಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಿಡಿದವರು ಯಾರು ಎಂಬ ಊಹೆ ತಪ್ಪಿರಬಹುದು. ಎಳೆಮಕ್ಕಳ ಹಾಸಿಗೆಯ ಬಳಿ ಕೂತು ಯಾವುದರ ಹಿಂದೆ ಯಾವುದು ಬರುತ್ತದೆಂದು ನೋಡಿದ ಕಣ್ಣು ಚುರುಕಾಗಿತ್ತು. ಆ ಕಣ್ಣಿಗೆ ನಾವು ಋಣಿಗಳು.

ಕನ್ನಡದಲ್ಲೂ ಈ ಕಾಳಜಿ ಬೇಗನೇ ಪುಸ್ತಕವಾಯಿತು. 1200ರ ಸುಮಾರಿನ ಜೈನ ಗ್ರಂಥಕಾರ ದೇವೇಂದ್ರಮುನಿಯ ಹೆಸರಿನಲ್ಲಿ 'ಬಾಲಗ್ರಹಚಿಕಿತ್ಸೆ' ಎಂಬ ಕೃತಿಯಿದೆ. ಕನ್ನಡ ವೈದ್ಯಸಾಹಿತ್ಯವಿನ್ನೂ ಎಳೆಯದಾಗಿದ್ದ ಕಾಲದಲ್ಲೇ ಒಬ್ಬ ಮುನಿ ಮಕ್ಕಳ ಬೇನೆಗೆಂದು ಬೇರೆಯೇ ಗ್ರಂಥ ಬರೆಯಬೇಕೆಂದುಕೊಂಡದ್ದು ಸಣ್ಣ ಸಂಗತಿಯಲ್ಲ.

ಗ್ರಹಣಿಯ ಕಡೆಯ ಕವಲು ಇನ್ನೂ ಸೊಗಸಾಗಿದೆ. ಚರಕನ ಚಿಕಿತ್ಸಾಸ್ಥಾನದ ಹದಿನೈದನೆಯ ಅಧ್ಯಾಯವೇ ಗ್ರಹಣಿಯದು. ಇಲ್ಲಿ ಹಿಡಿಯುವುದು ಒಳ್ಳೆಯ ಕೆಲಸ. ಅನ್ನವನ್ನು ಬಿಡದೆ ಹಿಡಿಯುವುದರಿಂದಲೇ ಆ ಅಂಗಕ್ಕೆ ಆ ಹೆಸರು. ಕೈ ಸಡಿಲವಾದಾಗ ರೋಗ. ಆದ್ದರಿಂದ ಭೇದಿ ಕಟ್ಟುವ, ನೀರನ್ನು ಹೀರಿ ಹಿಡಿಯುವ ಔಷಧಗಳನ್ನು ವೈದ್ಯಗ್ರಂಥಕಾರ ಶಾರ್ಙ್ಗಧರ ಗ್ರಾಹಿ ಎನ್ನುತ್ತಾನೆ. ಶುಂಠಿ, ಜೀರಿಗೆ, ಗಜಪಿಪ್ಪಲಿ ಅವನು ಕೊಡುವ ಉದಾಹರಣೆಗಳು. ವೇದದಲ್ಲಿ ಮನುಷ್ಯನನ್ನು ಹಿಡಿದು ಕೊಲ್ಲುತ್ತಿದ್ದ ಗ್ರಾಹಿ, ವೈದ್ಯನ ಕೈಯಲ್ಲಿ ಹಿಡಿದು ಉಳಿಸುವ ಮದ್ದಾಯಿತು. ಚಂದ್ರಗಿರಿ ಹೊಳೆ ದಾಟಿದರೆ ಮಲಯಾಳದಲ್ಲೂ ಗ್ರಹಣಿ ಮನೆಮಾತು. ಗ್ರಹಣಿ ಹಿಡಿದ ಮಕ್ಕಳು ಹಲಸಿನ ಪಲ್ಯ ಕಂಡಂತೆ ಎಂಬ ಗಾದೆ ಅಲ್ಲಿದೆ. ಸದಾ ಹಸಿವು, ತಿಂದದ್ದು ಮೈಗೆ ಹತ್ತುವುದಿಲ್ಲ. ಆ ಮಕ್ಕಳ ಪಾಡನ್ನು ಕಂಡವರೇ ಹೇಳಿದ ಮಾತದು.

ನಮ್ಮ ಕರಾವಳಿಯಲ್ಲಿ ಮಳೆಗಾಲದ ಆಟಿ ತಿಂಗಳು ಹೊಟ್ಟೆಯ ಕಾಯಿಲೆಗಳ ತಿಂಗಳು. ಬಾವಿಗೆ ಹೊರಗಿನ ನೀರು ಇಳಿಯುವ ಕಾಲ. ಆಗ ರೋಗದ ಮಾರಿಯನ್ನು ಊರಾಚೆಗೆ ಕಳುಹಿಸಲು ಆಟಿ ಕಳೆಂಜನ ವೇಷ ಮನೆಮನೆಗೆ ಬರುತ್ತದೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ತೊಗಟೆಗೆ ತುಳುವಿನಲ್ಲಿ ಪಾಲೆದ ಕೆತ್ತೆ, ಮರಕ್ಕೆ ಸಂಸ್ಕೃತದಲ್ಲಿ ಸಪ್ತಪರ್ಣ; ಜ್ವರಕ್ಕೂ ಅತಿಸಾರಕ್ಕೂ ಹಳೆಯ ಮದ್ದು. ಇದರ ಬದಲಿಗೆ ಕತ್ತಲಲ್ಲಿ ಕಾಸರಕನ ತೊಗಟೆ ತಂದರೆ ಅನಾಹುತ. ಅದರಲ್ಲಿರುವ ಸ್ಟ್ರಿಕ್ನಿನ್ ಇಡೀ ಮೈಯನ್ನು ಬಿಲ್ಲಿನಂತೆ ಬಾಗಿಸುವ ಸೆಳವನ್ನು ತರುತ್ತದೆ. ಹೊಟ್ಟೆಯ ಮದ್ದಿಗೂ ಮೈಯ ಸೆಳವಿಗೂ ಮಧ್ಯೆ ಒಂದು ಮರವನ್ನು ಗುರುತಿಸುವಷ್ಟೇ ಅಂತರ.

ಮಗುವಿನ ಸೆಳವಿಗೆ ಊರಿನಲ್ಲಿ ನಡೆಯುವ ಉಪಚಾರಗಳು ಬೇರೆ. ಕೈಗೆ ಬೀಗದ ಕೈಗೊಂಚಲು ಹಿಡಿಸುತ್ತಾರೆ, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ, ನೂಲು ಕಟ್ಟಿಸುತ್ತಾರೆ. ಇಷ್ಟೇ ಆದರೆ ಸಮಯ ಮಾತ್ರ ಹಾಳು. ಬಾಲಗ್ರಹಕ್ಕೂ ನಿಲ್ಲದ ಭೇದಿಗೂ ಕಾದ ಕಬ್ಬಿಣದಿಂದ ಬರೆ ಹಾಕುವ ಪದ್ಧತಿಯೊಂದು ನಮ್ಮ ನಾಡಿನಲ್ಲಿತ್ತು, ಅಲ್ಲಲ್ಲಿ ಇನ್ನೂ ಉಳಿದಿದೆ. ಹಿಡಿದವನನ್ನು ಸುಟ್ಟು ಓಡಿಸುವ ಯೋಚನೆ. ಸುಟ್ಟದ್ದು ಮಗುವಿನ ಹೊಟ್ಟೆಯ ಚರ್ಮ. ಗ್ರಹ ಎಂಬ ಪದಕ್ಕೆ ಅಂಟಿದ ಹೆದರಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆ ಕಲೆಗಳೇ ಸಾಕ್ಷಿ. ಈ ಪದದ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಬಾರದು.

ಇನ್ನು ಬಾಸೆಲ್; ಈ ಪದದ ಚರಿತ್ರೆಯೂ ಸೆಳವಿನ ಮದ್ದೊಂದರ ಚರಿತ್ರೆಯೂ ಅಲ್ಲಿಗೆ ಹೋಗುತ್ತವೆ. ಸ್ವಿಟ್ಜರ್ಲೆಂಡಿನ ಆ ನಗರದಿಂದ 1834ರಲ್ಲಿ ಮಂಗಳೂರಿಗೆ ಮಿಶನ್ ಬಂತು, 1841ರಲ್ಲಿ ಅಚ್ಚುಕೂಟ ಶುರುವಾಯಿತು. ನಮ್ಮ ಜಿಲ್ಲೆಯ ಮೂರು ಭಾಷೆಗಳ ಪದಗಳು ಒಂದೇ ದಶಕದ ಆಸುಪಾಸಿನಲ್ಲಿ ಆ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿಕೊಂಡವು: 1883ರಲ್ಲಿ ಮಾಫೈ ಪಾದ್ರಿಗಳ ಕೊಂಕಣಿ ನಿಘಂಟು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು. ತದ್ಭವಗಳ ದಾರಿ ತೋರಿಸುವ ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟೆಲ್ 1872ರಲ್ಲಿ ಇಲ್ಲಿಂದಲೇ ಹೊರತಂದಿದ್ದರು. ಗ್ರಹ ಗರವಾದ ಬಗೆಯನ್ನು ಹುಡುಕುವ ಯಾರೇ ಆದರೂ ಕೊನೆಗೆ ಆ ಅಚ್ಚುಕೂಟದ ಪುಟಗಳಿಗೇ ಬರುತ್ತಾರೆ. ಅದೇ ಬಾಸೆಲ್ ನಗರದ ಗೈಗಿ ಕಂಪೆನಿಯ ಪ್ರಯೋಗಾಲಯದಲ್ಲಿ 1953ರಲ್ಲಿ ವಾಲ್ಟರ್ ಶಿಂಡ್ಲರ್ ಎಂಬ ರಸಾಯನವಿಜ್ಞಾನಿ ಒಂದು ಹೊಸ ವಸ್ತು ತಯಾರಿಸಿದರು. ಅದು ಕಾರ್ಬಮಜೆಪಿನ್. 1960ರ ದಶಕದಲ್ಲಿ ಟೆಗ್ರಿಟಾಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೊದಲು ಮುಖದ ನರಶೂಲೆಗೆ, ಆಮೇಲೆ ಅಪಸ್ಮಾರಕ್ಕೆ. ಮಂಗಳೂರಿನ ಯಾವ ಮೆಡಿಕಲ್ ಶಾಪಿನಲ್ಲಾದರೂ ಕೇಳಿದರೆ ಗೊತ್ತಿರುವ ಹೆಸರು.

ಈ ಮಾತ್ರೆಗೂ ಭೇದಿಗೂ ಸಂಬಂಧ ಕೂಡಿಬಂದದ್ದು ಜಪಾನಿನಲ್ಲಿ. 1982ರಲ್ಲಿ ಮೊರೊಓಕ ಎಂಬ ವೈದ್ಯರು ಒಂದು ವಿಚಿತ್ರವನ್ನು ಗುರುತಿಸಿ ಬರೆದರು. ಆರು ತಿಂಗಳಿನಿಂದ ಮೂರು ವರ್ಷದೊಳಗಿನ, ಅದುವರೆಗೆ ಆರೋಗ್ಯವಾಗಿದ್ದ ಮಕ್ಕಳು. ಸಾಮಾನ್ಯ ನೀರುಭೇದಿ, ಮೈಯ ನೀರು ಅಪಾಯಕರವಾಗಿ ಆರಿಲ್ಲ, ಜ್ವರವಿಲ್ಲ, ರಕ್ತದಲ್ಲಿ ಸಕ್ಕರೆಯೂ ಲವಣಗಳೂ ಸರಿಯಾಗಿವೆ. ಆದರೂ ಭೇದಿ ಶುರುವಾದ ಮೊದಲ ಐದು ದಿನಗಳೊಳಗೆ ಸೆಳವು; ಒಂದು ಸಲ ಬಂದು ಮುಗಿಯುವುದಿಲ್ಲ, ಚಿಕ್ಕ ಚಿಕ್ಕದಾಗಿ ಒಂದರ ಹಿಂದೆ ಒಂದು. ಆಮೇಲೆ ತೈವಾನ್, ಕೊರಿಯಾ, ಹಾಂಗ್‌ಕಾಂಗ್‌ಗಳಿಂದಲೂ ಬಳಿಕ ಯುರೋಪು, ಅಮೆರಿಕಗಳಿಂದಲೂ ಇಂಥ ಮಕ್ಕಳ ವರದಿ ಬಂತು. ಹೆಚ್ಚಿನವರ ಮಲದಲ್ಲಿ ಸಿಕ್ಕಿದ್ದು ರೋಟಾವೈರಸ್, ಕೆಲವರಲ್ಲಿ ನೊರೊವೈರಸ್.

ಚಿಕಿತ್ಸೆಯಲ್ಲಿ ಇನ್ನೊಂದು ಸೋಜಿಗ ಕಾದಿತ್ತು. ಸೆಳವು ಬಂದರೆ ಮೊದಲು ಕೊಡುವ ಡಯಜೆಪಾಮ್, ಬಹುಕಾಲದ ನಂಬಿಕೆಯ ಫಿನೊಬಾರ್ಬಿಟಾಲ್ ಈ ಮಕ್ಕಳಲ್ಲಿ ಹಲವು ಸಲ ಸೋತವು. ಒಂದು ಸೆಳವು ನಿಂತರೂ ಮುಂದಿನದು ಬಂದೇ ಬರುತ್ತಿತ್ತು. 2005ರಲ್ಲಿ ಇಚಿಯಾಮ ಮತ್ತು ಸಂಗಡಿಗರು 'ನ್ಯೂರಾಲಜಿ' ಪತ್ರಿಕೆಯಲ್ಲಿ ಬರೆದ ಪ್ರಕಾರ, ಮಗುವಿನ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂನಂತೆ ದಿನಕ್ಕೊಮ್ಮೆ ಬಾಯಿಂದ ಕೊಟ್ಟ ಕಾರ್ಬಮಜೆಪಿನ್ ಸೆಳವಿನ ಸರಣಿಯನ್ನು ಕಡಿದುಹಾಕಿತು. ಅಪಸ್ಮಾರಕ್ಕೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣ. ಅದನ್ನು ಮುಂದುವರಿಸಿದ್ದು ಭೇದಿ ನಿಲ್ಲುವವರೆಗೆ ಮಾತ್ರ. ಮಾತ್ರೆಯ ಲೆಕ್ಕವನ್ನು ಕರುಳು ಬರೆಯುತ್ತದೆ, ಮಿದುಳು ಅದರಂತೆ ನಡೆಯುತ್ತದೆ.

ಯಾಕೆ ಹೀಗೆ? ಕಾರ್ಬಮಜೆಪಿನ್ ಕೆಲಸ ಮಾಡುವುದು ನರಕೋಶದ ಸೋಡಿಯಂ ಬಾಗಿಲಲ್ಲಿ. ಒಮ್ಮೆ ತೆರೆದು ಮುಚ್ಚಿದ ಬಾಗಿಲನ್ನು ಅದು ಸ್ವಲ್ಪ ಹೊತ್ತು ಮುಚ್ಚಿದಂತೆಯೇ ಹಿಡಿದಿಡುತ್ತದೆ. ಅತಿವೇಗದಲ್ಲಿ ಮತ್ತೆಮತ್ತೆ ಸಿಡಿಯುವ ಕೋಶಗಳು ಅದರಿಂದ ತಣ್ಣಗಾಗುತ್ತವೆ. ಶಾರ್ಙ್ಗಧರನ ವರ್ಗೀಕರಣವನ್ನು ಮಿದುಳಿಗೆ ಎತ್ತಿ ಹೇಳುವುದಾದರೆ ಇದೂ ಒಂದು ಗ್ರಾಹಿಯೇ. ಅತ್ತ ಕರುಳಿನಲ್ಲೂ ಸೋಡಿಯಂನದೇ ವ್ಯವಹಾರ. ಗ್ಲುಕೋಸ್ ಜೊತೆಗಿದ್ದರೆ ಕರುಳಿನ ಕೋಶ ಸೋಡಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ನೀರು ಅದರ ಬೆನ್ನಿಗೆ ಬರುತ್ತದೆ. ಓಆರ್‌ಎಸ್ ಪುಡಿಯ ಗುಟ್ಟು ಅಷ್ಟೇ. ಇನ್ನು ರೋಟಾವೈರಸ್‌ನ ಎನ್‌ಎಸ್‌ಪಿ4 ಎಂಬ ಪ್ರೋಟೀನ್ ಸ್ವತಃ ವಿಷದಂತೆ ವರ್ತಿಸಿ ಕೋಶದೊಳಗಿನ ಕ್ಯಾಲ್ಸಿಯಂ ಮಟ್ಟವನ್ನು ಕೆಡಿಸುತ್ತದೆ ಎಂದು 1996ರಲ್ಲಿ ಮೇರಿ ಎಸ್ಟೀಸ್ ಅವರ ತಂಡ ತೋರಿಸಿತು. ಕರುಳಿನಲ್ಲಿ ಅದರ ಫಲ ಭೇದಿ. ಸೆಳವು ಬಂದ ಕೆಲವು ಮಕ್ಕಳ ಮಿದುಳುಬಳ್ಳಿಯ ದ್ರವದಲ್ಲೂ ಈ ವೈರಸ್ಸಿನ ಕುರುಹು ಕಂಡಿದೆ. ಎನ್‌ಎಸ್‌ಪಿ4 ನರಕೋಶಗಳನ್ನೂ ಕೆಣಕುತ್ತದೆಯೇ ಎಂಬುದರ ಮೇಲೆ ಸಂಶೋಧಕರ ಕಣ್ಣಿದೆ.

ಈ ವೈರಸ್ಸನ್ನು ಮೊದಲು ಕಂಡ ಜಾಗ ಯಾವುದು ಗೊತ್ತೇ? 1973ರಲ್ಲಿ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಸಣ್ಣಕರುಳಿನ ಮೊದಲ ಭಾಗದಿಂದ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟಾಗ ಅಲ್ಲಿನ ಕೋಶಗಳಲ್ಲಿ ಅದು ಸಿಕ್ಕಿತು. ಆಮಾಶಯ ಮುಗಿದು ಪಕ್ವಾಶಯ ಶುರುವಾಗುವ ಮುನ್ನಿನ ಆ ಭಾಗವನ್ನೇ ಆಯುರ್ವೇದ ಗ್ರಹಣಿ ಎನ್ನುವುದು. ಮರುವರ್ಷ ಫ್ಲೂಯೆಟ್ ಅದಕ್ಕೆ ರೋಟಾ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಚಕ್ರ, ವೈರಸ್ಸಿನ ಆಕಾರವೂ ಹಾಗೇ. ಆ ರೋಟಾ ನಮ್ಮ ರಥದ ದಾಯಾದಿ ಪದ. ಮಂಗಳೂರಿನ ರಥಬೀದಿಯ ರಥವೂ ಈ ವೈರಸ್ಸೂ ಒಂದೇ ಪ್ರಾಚೀನ ಮೂಲದಿಂದ ಹೆಸರು ಪಡೆದಿವೆ.

ಲಸಿಕೆಯ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ರೋಗವೇ ಕಾಣದೆ ವೈರಸ್ ಮಾತ್ರ ಇದ್ದ ಹಸುಗೂಸುಗಳಿಂದ ಎರಡು ತಳಿಗಳು ಸಿಕ್ಕಿದ್ದವು: ದೆಹಲಿಯಲ್ಲಿ ಎಂ.ಕೆ. ಭಾನ್ ಅವರ ತಂಡಕ್ಕೆ 116ಇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡಕ್ಕೆ ಐ321. ಎರಡನ್ನೂ ಲಸಿಕೆಯಾಗಿ ಪರೀಕ್ಷಿಸಿದ ಮೇಲೆ 116ಇ ಮುಂದೆ ಹೋಗಿ ರೋಟಾವ್ಯಾಕ್ ಆಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾದ ರೋಟಾವೈರಸ್ ಲಸಿಕೆ 2019ರ ಹೊತ್ತಿಗೆ ದೇಶದೆಲ್ಲೆಡೆ ತಲುಪಿತು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಬಾಯಿಗೆ ಹಾಕುವುದು. ಇದನ್ನು ಕೊಡುವುದು ಭೇದಿ ತಡೆಯಲು. ಆದರೆ 2014ರಲ್ಲಿ ಅಮೆರಿಕದ ಪೇಯ್ನ್ ಮತ್ತು ಸಂಗಡಿಗರು ದೊಡ್ಡ ಸಂಖ್ಯೆಯ ಮಕ್ಕಳ ದಾಖಲೆ ನೋಡಿದಾಗ, ಅಲ್ಲಿನ ರೋಟಾವೈರಸ್ ಲಸಿಕೆ ಪೂರ್ತಿ ಪಡೆದ ಮಕ್ಕಳಲ್ಲಿ ಮುಂದಿನ ಒಂದು ವರ್ಷ ಆಸ್ಪತ್ರೆಗೆ ತರಬೇಕಾದ ಸೆಳವು ಶೇ 18ರಿಂದ 21ರಷ್ಟು ಕಡಿಮೆಯಾಗಿತ್ತು. ಗ್ರಹಣಿಗೆ ಹಾಕಿದ ಹನಿ ಬಾಲಗ್ರಹವನ್ನೂ ಒಂದಿಷ್ಟು ತಡೆದಂತಿತ್ತು.

ದಕ್ಷಿಣ ಕನ್ನಡದಿಂದಲೂ ಕಾಸರಗೋಡಿನಿಂದಲೂ ಮಕ್ಕಳನ್ನು ಎತ್ತಿಕೊಂಡು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮೆಟ್ಟಿಲು ಹತ್ತುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಇನ್ನು ಜೀವಮಾನವಿಡೀ ಮಾತ್ರೆ ನುಂಗಬೇಕೇ? ಹೆಣ್ಣುಮಗುವಾದರೆ ಈ ಹೆದರಿಕೆ ಇಮ್ಮಡಿ. ಫಿಟ್ಸ್ ಇದೆ ಎಂಬ ಮಾತು ಮದುವೆಯ ಮಾತುಕತೆಯವರೆಗೂ ಬೆನ್ನು ಹತ್ತುತ್ತದೆ. ಭೇದಿಯ ಜೊತೆ ಬರುವ ಈ ಬಗೆಯ ಸೆಳವಿಗೆ ಉತ್ತರ ಸ್ಪಷ್ಟವಾಗಿದೆ. ಇದು ಅಪಸ್ಮಾರವಲ್ಲ, ಹೆಚ್ಚಿನ ಮಕ್ಕಳಲ್ಲಿ ಮರುಕಳಿಸುವುದಿಲ್ಲ, ಬೆಳವಣಿಗೆಗೆ ಕುಂದಿಲ್ಲ, ವರ್ಷಗಟ್ಟಲೆ ಮಾತ್ರೆ ಬೇಡ. ಗ್ರಹ ಎಂಬ ಪದ ಎರಡು ಸಾವಿರ ವರ್ಷ ಹೊತ್ತು ತಂದ ಹೆದರಿಕೆಯನ್ನು ಇಳಿಸಲು ಇಷ್ಟು ತಿಳಿವಳಿಕೆ ಮನೆಮನೆಗೆ ತಲುಪಬೇಕೆಂಬುದು ನನ್ನ ಹಂಬಲ.

ಆದರೆ ಸೆಳವು ಈ ಬಗೆಯದೇ ಎಂಬ ತೀರ್ಮಾನ ಮನೆಯಲ್ಲಿ ಮಾಡುವಂಥದ್ದಲ್ಲ. ಸೆಳವು ಬಂದ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಫಿಟ್ಸ್‌ನ ಗಾಬರಿಯಲ್ಲಿ ಭೇದಿಯ ವಿಷಯ ಮರೆತುಹೋಗುವುದುಂಟು. ಎಷ್ಟು ದಿನದಿಂದ ಹೊಟ್ಟೆ ಹೋಗುತ್ತಿದೆ, ಮಲದಲ್ಲಿ ರಕ್ತವಿತ್ತೇ, ಜ್ವರವಿತ್ತೇ, ಕೊನೆಯ ಸಲ ಮೂತ್ರ ಹೋದದ್ದು ಯಾವಾಗ ಎಂದು ಕೇಳದಿದ್ದರೂ ಹೇಳಬೇಕು. ಮಲದಲ್ಲಿ ರಕ್ತ, ಜೋರು ಜ್ವರ ಇದ್ದರೆ ಅದು ಶಿಗೆಲ್ಲಾ ಬ್ಯಾಕ್ಟೀರಿಯಾದ ಸೋಂಕು ಆಗಿರಬಹುದು. ಅದರ ದಾರಿ ಬೇರೆ. ಓಆರ್‌ಎಸ್ ಕಲಸಿದ ಅಳತೆಯನ್ನೂ ಹೇಳಬೇಕು. ಒಂದು ಲೀಟರ್ ನೀರಿಗೆ ಕಲಸಬೇಕಾದ ಪೊಟ್ಟಣವನ್ನು ಒಂದೇ ಲೋಟಕ್ಕೆ ಹಾಕಿ ಕುಡಿಸಿದ್ದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಸೆಳವು ಬಂದಿರಬಹುದು. ಆ ಸೆಳವಿಗೆ ಕಾರ್ಬಮಜೆಪಿನ್ ಮದ್ದಲ್ಲ.